ಮಿರ್ಚಿ ಆರಿಸಿಕೊಟ್ಟ ವೈನು

ಒಂದು ಶೇಂಗಾಕಾಳು ಬಾಯಿಗೆ ಹಾಕ್ಕೊಂಡ್ರ ಸಾಕು, ಯಾವ ಹೊಲದ್ದು ಅಂತ ಹೇಳೋ ನಾಲಿಗಿ ನಂದು. ಹಗರಿಬೊಮ್ಮನಹಳ್ಳ್ಯಾಗ ಯಾರನ್ನರ ಕೇಳ್ರಿ. ಅದಕ್ಕ ವೈನ್ ಶಾಪ್ ಇಟ್ಟಿರೋ ಕೊಟ್ರೇಶಿ, "ಅಜ್ಜಾ, ಮೂರು ನಮೂನಿ ಅಗ್ಗದ ವೈನ್ ಬಂದಾವು. ಅಂಗಡ್ಯಾಗ ಒಂದಕ್ಕ ಜಾಗ ಐತಿ. ನೀನ ಆರಿಸಿಕೊಡು" ಅಂದ.

ನಾನು ಕೊರಳಾಗ ಲಿಂಗ ಕಟ್ಟಿದಾವ, ಹುಟ್ಟಿದಾಗಿಂದ ಒಂದು ಹನಿ ಮುಟ್ಟಿಲ್ಲ. ಆದ್ರ "ನನಗ ಗೊತ್ತಿಲ್ಲ" ಅನ್ನೋ ಮಾತೂ ಈ ಬಾಯಾಗ ಬಂದಿಲ್ಲ. ಹೋದೆ.

ಅಲ್ಲಿ ವೈನ್ ಕಂಪನಿಯಾತ ಒಬ್ಬ ಕುಂತಿದ್ದ. ಗ್ಲಾಸು ತಿರುವಿದ, ಮೂಸಿದ, "ಅಜ್ಜ, ಇದರಲ್ಲಿ ನೆನೆದ ಮಣ್ಣಿನ ವಾಸನೆ ಇದೆ" ಅಂದ.

"ಶೇಂಗಾದಾಗ ಮಣ್ಣಿದ್ರ ನಾವು ವಾಪಸ್ ಕಳಿಸ್ತೀವಿ. ನೀನು ಅದನ್ನ ಸೀಸ್ಯಾಗ ತುಂಬಿ ತಂದೀಯಲ್ಲೋ!"

"ನೀವೂ ಒಂದು ಗುಟುಕು ಕುಡಿದು ಹೇಳಿ."

ಕೊಟ್ರೇಶಿ ನನ್ನ ಬಾಯಿನ ನೋಡಾಕತ್ತಿದ್ದ. ಸಿಕ್ಕಿಬಿದ್ನೆಪಾ ಅಂತ ಜೋರು ಮಾಡಿದೆ. "ನಮ್ಮ ಕಡಿ ಬರೇ ಬಾಯಿಲೆ ಯಾರು ಕುಡೀತಾರೋ? ಮೊದ್ಲು ನೀನು ಮಿರ್ಚಿ ತಿನ್ನು!"

ಎದುರಿನ ಬಂಡಿಯಿಂದ ಬಿಸಿ ಮಿರ್ಚಿ ಬಜ್ಜಿ ತರಿಸಿದೆ. ಪಾಪ, ಒಂದನ್ನ ಇಡೀ ಬಾಯಿಗಿಟ್ಟ. ಕಣ್ಣು, ಮೂಗು ಕೂಡೇ ಹರಿಯಾಕತ್ವು. ಮೊದಲನೇ ಗ್ಲಾಸು ಕುಡಿದು ಹಾ ಅಂದ. ಎರಡನೇದು ಕುಡಿದು ಕುಣಿದ. ಮೂರನೇದು ಕುಡಿದ, ಖಾರ ಇಳಿದು ಕಣ್ಣು ಒರಸ್ಕೊಂಡ.

"ಅದ ನೋಡು! ಮೂರನೇದು ಇಟ್ಕೋ ಕೊಟ್ರೇಶಿ" ಅಂದೆ.

ಈಗ ಅಂಗಡ್ಯಾಗ ಅದ ಓಡ್ತೈತಿ. ಅಜ್ಜನ ನಾಲಿಗಿ ತಪ್ಪಂಗಿಲ್ಲ ಅಂತ ಕೊಟ್ರೇಶಿ ಊರೆಲ್ಲಾ ಸಾರ್ಯಾನ. ಖರೇನ ಐತಿ. ಇಂಥ ನಾಲಿಗಿ ಒಣಗಿ ಕುಂತ್ರೂ ಕೆಲಸ ಮಾಡ್ತೈತ್ರಿ.