ವಿಭೂತಿ ಬಳಿದ ಬೋಲ್ಟು

ಮಾರಿಸ್‌ವಿಲ್‌ನ ಆ ಟೌನ್‌ಹೌಸ್ ಸಾಲಿನಲ್ಲಿ ಕಲ್ಮೇಶರ ಬಗ್ಗೆ ಎರಡು ಮಾತು ಓಡಾಡುತ್ತಿದ್ದವು. ಒಂದು, ಈ ಮನುಷ್ಯ ಜಿರಲೆಯನ್ನು ಕೂಡ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹುಲ್ಲಿಗೆ ಬಿಟ್ಟು ಬರುತ್ತಾರೆ. ಇನ್ನೊಂದು, ಇದೇ ಮನುಷ್ಯ ದಿನಕ್ಕೆ ಐನೂರು ಗುಂಡು ಹಾರಿಸಿ, ಸಂಜೆ ಬಂದು ಜೋಳದ ರೊಟ್ಟಿ ತಿನ್ನುತ್ತಾರೆ. ಎರಡೂ ನಿಜವೇ.

ಊರಾಚೆಯ ಸಣ್ಣ ರೈಫಲ್ ಕಾರ್ಖಾನೆಯಲ್ಲಿ ಅವರದು ಪರೀಕ್ಷೆಯ ಕೆಲಸ. ರೈಫಲನ್ನು ಸ್ಟ್ಯಾಂಡಿಗೆ ಬಿಗಿದು, ಯಂತ್ರದಿಂದ ಟ್ರಿಗರ್ ಎಳೆಸಿ, ಒಳಗಿನ ಬೋಲ್ಟು ಎಷ್ಟು ಗುಂಡಿನವರೆಗೆ ತಾಳುತ್ತದೆಂದು ನೋಡಬೇಕು. ಗುಂಡು ಸಿಡಿಯುವಾಗ ನಳಿಕೆಯ ಹಿಂಬಾಯಿಯನ್ನು ತನ್ನ ಹಲ್ಲುಗಳಿಂದ ಭದ್ರವಾಗಿ ಮುಚ್ಚಿ ಹಿಡಿಯುವ ಉಕ್ಕಿನ ತುಂಡು ಅದು. ಸಿಡಿತದ ಗ್ಯಾಸಿನಲ್ಲಿ ಒಂದಿಷ್ಟು ಸಣ್ಣ ತೂತಿನಿಂದ ಹಿಂದಕ್ಕೆ ನುಗ್ಗಿ ಅದನ್ನು ತೆರೆಯುತ್ತದೆ, ಖಾಲಿ ತೋಟಾ ಹೊರಗೆ ಹಾರುತ್ತದೆ.

2022ರ ಹೊಸ ಮಾದರಿಯಲ್ಲಿ ಆ ತೂತು ಕೊಂಚ ದೊಡ್ಡದು. ಎಂಥ ಸಪ್ಪೆ ಗುಂಡು ಹಾಕಿದರೂ ರೈಫಲ್ ಸಿಕ್ಕಿಕೊಳ್ಳಬಾರದೆಂದು ಕ್ವಾಲಿಟಿ ಮ್ಯಾನೇಜರ್ ಗೋಪಿನಾಥ ಹಾಗೆ ಮಾಡಿಸಿದ್ದ. ಮೈಸೂರಿನವನು, ಕಲ್ಮೇಶರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಅದೇ ಸಾಲಿನಲ್ಲಿ ಮೂರನೇ ಮನೆ.

"ಗೋಪಿನಾಥ ಸಾಹೇಬ್ರ, ಬಾಗಿಲಾ ಮೆತ್ತಗ ತಗೀಬೇಕ್ರಿ. ನೀವು ಒದ್ದು ತಗಸಾಕತ್ತೀರಿ. ತೋಟಾ ಇನ್ನೂ ನಳಿಕೆಗೆ ಅಂಟಿರ್ತೈತಿ, ಅಷ್ಟ್ರಾಗ ಜಗ್ಗಿದ್ರ ಬೋಲ್ಟಿನ ಹಲ್ಲು ಉಳೀತಾವೇನು?"

"ಅಂಕಲ್, ಆರು ಸಾವಿರ ರೌಂಡ್ ಆಯ್ತು, ಮುರೀತಾ? ಶುಕ್ರವಾರ ಶಿಪ್ ಮಾಡ್ತೀವಿ. ಅಷ್ಟರಲ್ಲಿ ಕ್ರ್ಯಾಕ್ ತೋರಿಸಿ. ಇಲ್ಲಾಂದ್ರೆ ಟೆಸ್ಟ್ ಬೆಂಚೇ ಕ್ಲೋಸ್ ಮಾಡೋಣ ಅಂತಿದಾರೆ ಓನರ್. ನೀವೂ ಮನೇಲಿ ರೆಸ್ಟ್ ತಗೊಳ್ಳಿ."

ರೆಸ್ಟ್ ಎಂದದ್ದೇ ಹೆಂಡತಿ ಆರತಿಯವರಿಗೆ ಗಾಬರಿ. "ಮನ್ಯಾಗ ಕುಂತ್ರ ನನ್ನ ಕುಕ್ಕರಿನ ಸೀಟಿ ಎಣಸ್ತೀರಿ. ಏನರ ಮಾಡ್ರಿ, ಕೆಲಸಾ ಉಳಿಸ್ಕೋರಿ!"

ಆ ವಾರದ ಮಂಗಳವಾರ ಆಯುಧಪೂಜೆ. ಕಲ್ಮೇಶರು ಎಲ್ಲರಿಗಿಂತ ಮುಂಚೆ ಹೋಗಿ ಫೋರ್ಕ್‌ಲಿಫ್ಟಿನ ಗಾಲಿಯಡಿ ನಿಂಬೆಹಣ್ಣು ಇಟ್ಟರು. ಆರು ಸಾವಿರ ಗುಂಡು ಕಂಡು ಎಣ್ಣೆಯಲ್ಲಿ ನೆನೆದಿದ್ದ ಬೋಲ್ಟನ್ನು ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಮದ್ದಿನ ಜಾಗದಲ್ಲಿ ಊದುಬತ್ತಿ ಹಚ್ಚುವಷ್ಟು ಭಕ್ತಿ ಅವರಿಗಿರಲಿಲ್ಲ. ಬರೀ ಕೈಮುಗಿದು ಚಹಾಕ್ಕೆ ಹೋದರು.

ಮರಳಿ ಬಂದರೆ ಬಿಳಿ ಪಟ್ಟೆಯ ನಡುವೆ, ಹಲ್ಲಿನ ಬುಡದಲ್ಲಿ, ಕೂದಲಿನಷ್ಟು ಸಪೂರ ಕಪ್ಪು ಗೆರೆ. ಒರೆಸಿ ಮತ್ತೆ ಬಳಿದರು. ಮತ್ತೆ ಅದೇ ಗೆರೆ, ಅದೇ ಜಾಗ. ಕಣ್ಣಿಗೆ ಕಾಣದ ಬಿರುಕಿನಲ್ಲಿ ಅವಿತಿದ್ದ ಎಣ್ಣೆಯನ್ನು ಬೂದಿ ಹೀರಿ ಹೊರಗೆಳೆದಿತ್ತು. ಕಲ್ಮೇಶರಿಗೆ ಅದು ಆಗಲೇ ಹೊಳೆಯಿತು. ಗೋಪಿನಾಥನಿಗೆ ಹೇಳುವ ಅವಸರ ಮಾತ್ರ ಕಾಣಲಿಲ್ಲ.

"ಬೂಟ್ ಬಿಚ್ಚಿ ಬರ್ರಿ," ಎಂದು ಅವನನ್ನು ಕರೆದರು.

ಗೋಪಿನಾಥ ಬಗ್ಗಿ ನೋಡಿದ. "ಅಂಕಲ್... ಇದು ದೇವರೇ ತೋರಿಸಿದ್ದಾ?"

"ನಾ ಏನಂತ ಹೇಳ್ಲಿ? ಮೊದ್ಲ ಕೈ ಮುಗೀರಿ."

ಹೊರಗಿನ ಲ್ಯಾಬೂ ಬಿರುಕೆಂದೇ ಬರೆದುಕೊಟ್ಟಿತು. ಶಿಪ್‌ಮೆಂಟ್ ನಿಂತಿತು, ತೂತು ಕಿರಿದಾಯಿತು. ಗೋಡೆಗೆ ಹೋಗಿ ಬಡಿಯುತ್ತಿದ್ದ ಖಾಲಿ ತೋಟಾಗಳು ಕಾಲಬಳಿ ಸೌಮ್ಯವಾಗಿ ಬೀಳತೊಡಗಿದವು. ಮುಂದಿನ ಬೋಲ್ಟು ಹದಿನಾಲ್ಕು ಸಾವಿರ ದಾಟಿತು. ಬೆಂಚೂ ಉಳಿಯಿತು, ಆರತಿಯವರ ಕುಕ್ಕರೂ ಉಳಿಯಿತು. ಅಲ್ಲಿಂದ ಎರಡು ವರ್ಷ, ಬೋಲ್ಟು ತಪಾಸಣೆಯ ದಿನ ಬಂತೆಂದರೆ ಗೋಪಿನಾಥ ತಲೆಗೆ ಸ್ನಾನ ಮಾಡಿ ಬಂದು ಬರಿಗಾಲಲ್ಲಿ ನಿಲ್ಲುವನು. ಕಲ್ಮೇಶರು ಗಂಭೀರವಾಗಿ ವಿಭೂತಿ ಡಬ್ಬಿಯ ಮುಚ್ಚಳ ತೆರೆಯುವರು.

2024ರ ಡಿಸೆಂಬರಿನಲ್ಲಿ ಅವರು ತಾವಾಗಿಯೇ ನಿವೃತ್ತರಾಗಿ, ದೂರದ ಡುಲುತ್‌ನಲ್ಲಿ ಕೊಂಡ ಮನೆಗೆ ಹೊರಟರು. ಆರತಿ ಕಾರಿನಲ್ಲಿ ಕೂತಾಗಿತ್ತು. ಕಲ್ಮೇಶರು ಬಾಗಿಲಿಗೆ ಬೀಗ ಹಾಕಿ ತಿರುಗಿದರೆ, ಕೊರೆವ ಚಳಿಯಲ್ಲಿ ಗೋಪಿನಾಥ ಬರಿಗಾಲಲ್ಲಿ ನಿಂತಿದ್ದಾನೆ.

"ಅಂಕಲ್, ಆ ಡಬ್ಬಿ ಕೊಟ್ಟು ಹೋಗಿ, ಪ್ಲೀಸ್. ಅದಿಲ್ದೆ ನಾನ್ ಹೇಗೆ ಚೆಕ್ ಮಾಡ್ಲಿ? ಯಾವ ಮಠದ ವಿಭೂತಿ ಅಂತನಾದ್ರೂ ಹೇಳಿ."

ಕಲ್ಮೇಶರು ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟರು. "ವಿಭೂತಿ ಮೊದಲ್ನೇ ತಿಂಗಳದಾಗ ಖಾಲಿ ಆತ್ರಿ. ನಿಮ್ಮ ಮಗಳು ಡ್ರೈವ್‌ವೇ ಮ್ಯಾಲೆ ಹೂವಿನ ಚಿತ್ರಾ ಬರೀತಾಳಲ್ಲ, ಇದು ಆ ಬಿಳಿ ಚಾಕಿನ ಪುಡಿ."

ಗೋಪಿನಾಥ ಡಬ್ಬಿಯನ್ನೂ ತನ್ನ ಪಾದಗಳನ್ನೂ ನೋಡಿಕೊಂಡ. ಕಾರಿನೊಳಗೆ ಆರತಿ ಸೆರಗು ಬಾಯಿಗಿಟ್ಟುಕೊಂಡು ಕುಲುಕುಲು ನಗುತ್ತಿದ್ದರು.

ಕಲ್ಮೇಶರು ಗಾಲಿಯಡಿ ನಿಂಬೆಹಣ್ಣಿಟ್ಟು, ಸ್ಟೀರಿಂಗ್ ಹಿಂದೆ ಕೂತು, ಕಿಟಕಿ ಇಳಿಸಿದರು.

"ಬೂಟ್ ಹಾಕ್ಕೋರಿ ಸಾಹೇಬ್ರ, ಥಂಡಿ ಐತಿ," ಎಂದು, ಹಣ್ಣು ಪಚಕ್ಕೆನ್ನಿಸಿ ಹೊರಟೇಬಿಟ್ಟರು.