ಲೆಕ್ಕಕ್ಕೆ ಸೇರದ ಕರಿ ಗಂಡು

ಎಂಬತ್ತರ ದಶಕದ ಆರಂಭದಲ್ಲಿ ಹಂದನಕೆರೆ ಕಡೆಯ ಒಂದು ಕಾವಲಿನಲ್ಲಿ ನಾನು ಫಾರೆಸ್ಟ್ ಗಾರ್ಡ್. ಕೃಷ್ಣಮೃಗಗಳಿಗೆಂದು ಕಾದಿಟ್ಟ ಆ ಹುಲ್ಲುಗಾವಲಿಗೆ ನಾನೇ ಸರ್ಕಾರ. ಪ್ರಜೆಗಳೆಲ್ಲ ನಾಲ್ಕು ಕಾಲಿನವು. ಒಬ್ಬನೇ ಮುದ್ದೆ ತಿರುವಿ ಒಬ್ಬನೇ ನುಂಗುತ್ತಿದ್ದೆ. ಮಾತು ಬೇಕೆನಿಸಿದರೆ ಒಲೆಯನ್ನು ಬೈಯುತ್ತಿದ್ದೆ. ತಿಪಟೂರಿಗೆ ವರ್ಗ ಕೇಳಿ ಬರೆದ ಅರ್ಜಿಗಳಿಗೆ ಉತ್ತರವಿರಲಿಲ್ಲ.

ತಿಂಗಳಿಗೊಮ್ಮೆ ಗಣತಿ: ಹೆಣ್ಣೆಷ್ಟು, ಮರಿಯೆಷ್ಟು, ಮೈ ಕಪ್ಪಾದ ಬಲಿತ ಗಂಡೆಷ್ಟು. ನನ್ನ ಹಳೆಯ ಕನ್ನಡಕಕ್ಕೆ ನೂರು ಮಾರಿನಾಚೆ ಹುತ್ತವೂ ಒಂದೇ, ಹುಲ್ಲೆಯೂ ಒಂದೇ. ಹಾಗಾಗಿ ಊರಿನಿಂದ ಬರುತ್ತಿದ್ದ ವಯಸ್ಸಾದ ವಾಚರ್ ನೋಡಿ ಹೇಳುವುದು, ನಾನು ಬರೆಯುವುದು. ಆತ ಅರ್ಧ ಆಯುಸ್ಸು ತೋಟಗಳಲ್ಲಿ ತೆಂಗಿನಕಾಯಿ ಎಣಿಸಿದವನು.

“ಹೆಣ್ಣು ಒಂಬತ್ತು ಜೊತೆ, ಮರಿ ಎರಡು ಜೊತೆ. ಬರ್ಕಳಿ.”

“ಕರಿ ಗಂಡು?”

“ಇಲ್ಲ ಬುಡಿ.”

ಎರಡು ವರ್ಷ ಆ ಕಾಲಂನಲ್ಲಿ ದುಂಡಗೆ ಸೊನ್ನೆ ಬರೆದೆ. ಗಂಡಿಲ್ಲದೆ ಮರಿ ಹೇಗಾದವೆಂದು ಕಚೇರಿಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸೊನ್ನೆಗೆ ಅಷ್ಟು ಗೌರವ.

ಕೊನೆಗೆ ಕಾಗದ ಬಂತು. ಮುಂದಿನ ಗಣತಿಯಲ್ಲೂ ಬಲಿತ ಗಂಡಿಲ್ಲವಾದರೆ ಕಾವಲನ್ನು ಉಳುಮೆಗೆ ಬಿಟ್ಟುಕೊಡುವುದು, ನನ್ನನ್ನು ತಿಪಟೂರಿಗೆ ಹಾಕುವುದು. ತಿಪಟೂರು! ಹೋಟೆಲಿನಲ್ಲಿ ಎದುರಿಗೊಬ್ಬ ಮನುಷ್ಯ ಕೂತು ಕಾಫಿ ಕುಡಿಯುವ ಊರು. ಆ ಊರಿಗೆ ತಕ್ಕ ಮುಖವಿರಲೆಂದು ಹೊಸ ಕನ್ನಡಕ ಮಾಡಿಸಿದೆ.

ಕೊನೆಯ ಗಣತಿಗೆ ಅದನ್ನೇ ಹಾಕಿಕೊಂಡು ಹೋದದ್ದು ತಪ್ಪಾಯಿತು. ಹಿಂಡಿನಿಂದ ದೂರ, ದಿಣ್ಣೆಯ ಮೇಲೆ, ತಿರುಚು ಕೊಂಬಿನ ಕರಿ ಗಂಡೊಂದು ನಿಂತಿತ್ತು.

“ಯಜಮಾನ್ರೇ, ಅದೇನದು?”

“ಅದಾ? ನೀವು ಬರಕ್ ಮುಂಚಿಂದ್ಲೂ ಐತೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಒಂಟಿ ಕಣ್ರೀ ಅದು. ಕಾಯಿ ಎಣಿಸುವಾಗ ಜೊತೆ ಸಿಗ್ದಿದ್ದನ್ನ ಪಕ್ಕಕ್ಕಿಡಾದು. ಅದ್ಯಾವ ಲೆಕ್ಕಕ್ಕೂ ಬರಲ್ಲ.” ಆಮೇಲೆ ದನಿ ತಗ್ಗಿಸಿದ: “ಬರದ್ರೆ ತಿಪಟೂರು ಹೋಯ್ತು, ನೋಡ್ಕಳಿ.”

ನೋಡಿಕೊಂಡೆ. ಅದೂ ನನ್ನನ್ನು ನೋಡಿತು. ಶಿಫಾರಸಿಗೆ ಬಂದ ಮುಖವೇನಲ್ಲ. ಪೆನ್ಸಿಲನ್ನು ಎರಡು ಸಲ ಚೂಪು ಮಾಡಿದೆ. ಆಮೇಲೆ ಬರೆದೆ: ಬಲಿತ ಗಂಡು, ಒಂದು.

ಕಾವಲು ಉಳಿಯಿತು. ವರ್ಗ ರದ್ದಾದ ಕಾಗದವನ್ನು ಓದಿ ಹೇಳಿದಾಗ ವಾಚರ್ ದಿಣ್ಣೆಯತ್ತ ನೋಡಿದ, ನನ್ನತ್ತ ನೋಡಿದ.

“ಅದೊಂದು, ನೀವೊಂದು. ಈಗ ಜೊತೆ ಆಯ್ತು ಬುಡಿ,” ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಊರಿನ ದಾರಿ ಹಿಡಿದ.