ಪಡುವಣ ಬದುವಿನ ಸಾಲು

ಐ.ಡಿ.ಹಳ್ಳಿ ಕಡೆಯ ನಮ್ಮ ಹೊಲದಲ್ಲಿ ಆಗ ಒಂದೂ ಮರವಿರಲಿಲ್ಲ. ಬದುವಿಗೆ ಗಿಡ ನೆಡಿ ಎಂದು ಕೃಷಿ ಇಲಾಖೆಯವರು ಹೇಳಿದಾಗಲೆಲ್ಲ ನಮ್ಮ ಮನೆಯವರು, "ನೆಳ್ಳು ಬಿದ್ರೆ ಕಡ್ಲೇಗಿಡ ಕಾಯಿ ಕಚ್ಚಲ್ಲ" ಎಂದು ತಳ್ಳಿಹಾಕುತ್ತಿದ್ದರು. ಮರವಿಲ್ಲದ ಕಡೆ ಆಷಾಢದ ಗಾಳಿಗೆ ಸದ್ದೂ ಇರುವುದಿಲ್ಲ. ಕಾಲಡಿಯ ಮಣ್ಣು ಮಾತ್ರ ಸುಮ್ಮನೆ ಹೋಗುತ್ತಿರುತ್ತದೆ.

ಅಂಥದೊಂದು ಮಧ್ಯಾಹ್ನ ಪಡುವಣ ಬದುವಿನ ಹತ್ತಿರ ಕಲ್ಲು ಆಯುತ್ತಿದ್ದೆ. ಕರ್ರಗಿನ ಸಣ್ಣದೊಂದು ಬಳೆ ಮಣ್ಣಿನಿಂದ ಮೇಲೆದ್ದಿತ್ತು. ಎತ್ತಲು ಹೋದೆ, ಬರಲಿಲ್ಲ. ಉಜ್ಜಿ ನೋಡಿದರೆ ಬೆಳ್ಳಿ, ಮಗುವಿನ ಕಾಲ್ಕಡಗ. ಅದರೊಳಗೆ ಬಿಳಿ ಬೇರಿನಂಥದ್ದೊಂದು ಹಾದುಹೋಗಿತ್ತು. ಬೇರಲ್ಲ ಎಂದು ಮೊದಲು ಗೊತ್ತಾದದ್ದು ಬೆರಳಿಗೆ.

ನನ್ನ ಕೂಗಿಗೆ ಮನೆಯವರೂ ಅತ್ತೆಯೂ ಓಡಿಬಂದರು. ಅತ್ತೆ ಅಲ್ಲೇ ಕುಸಿದು ಕೂತು ಎರಡೂ ಕೈಯಿಂದ ಮಣ್ಣೆಳೆದು ಮುಚ್ಚತೊಡಗಿದರು.

"ಯಾರವ್ವ ಅದು?" ಎಂದರು ಮನೆಯವರು.

"ನಿಮ್ಮಕ್ಕ ಕಣ್ಲಾ. ನೀನು ಹುಟ್ಟೋಕ್ ಮುಂಚೆ ಜ್ವರ ಬಂದು ಹೋಗ್ಬುಟ್ಳು. ತೊಡೆ ಮಟ್ಟ ಗುಂಡಿ ತೆಗ್ದು ಮಲಗ್ಸಿದ್ವಿ. ಅಷ್ಟು ಮಣ್ಣು ಎಲ್ಲಿಗೋಯ್ತು?"

ತಮಗೊಬ್ಬಳು ಅಕ್ಕ ಇದ್ದಳೆಂದು ಅವರಿಗೆ ತಿಳಿದದ್ದೇ ಅಂದು. ಎರಡು ಪುಟ್ಟಿ ಮಣ್ಣು ತಂದು ಸುರಿದರು. ಮಾರನೆಯ ದಿನ ಕಡಗ ಮತ್ತೆ ಕಾಣಿಸಿತು. ಇನ್ನಷ್ಟು ಸುರಿದು ಕಲ್ಲು ಹೇರಿದರು. ವಾರದೊಳಗೆ ಕಲ್ಲಿನ ಸಂದಿಯ ಮಣ್ಣನ್ನೂ ಗಾಳಿ ಒಯ್ದಿತ್ತು. ಬೇರೆ ಕಡೆ ಹೂಳೋಣ ಎಂದರೆ ಅತ್ತೆ ಒಪ್ಪಲಿಲ್ಲ.

"ಅವಳ್ಯಾಕೆ ಏಳ್ಬೇಕು? ಗಾಳೀನ ನಿಲ್ಸು."

ಮಳೆ ಬಿದ್ದ ಕೂಡಲೇ ಹೊಂಗೆ, ಬೇವು, ಹೆಬ್ಬೇವಿನ ಸಸಿ ತಂದು ಬದುವಿನುದ್ದಕ್ಕೂ ನೆಟ್ಟೆವು. ಮೊದಲ ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತೆವು. ಅತ್ತೆ ಸಸಿಗಳ ಹತ್ತಿರ ಏನೋ ಹೇಳುತ್ತಿದ್ದರು. ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು.

ನಾಲ್ಕನೆಯ ಆಷಾಢದಲ್ಲಿ ನಮ್ಮ ಹೊಲದ ಗಾಳಿ ಮೊದಲ ಸಲ ಸದ್ದು ಮಾಡಿತು. ಎಲೆಗಳದ್ದೆಂದು ಗೊತ್ತಿದ್ದರೂ ಕಳೆ ಕೀಳುತ್ತಿದ್ದ ಮೂವರೂ ಒಟ್ಟಿಗೆ ತಲೆಯೆತ್ತಿದೆವು. ಬದುವಿನ ಬುಡದಲ್ಲಿ ಮಣ್ಣು ಗೇಣುದ್ದ ಏರಿ ಕಡಗ ಮುಚ್ಚಿಹೋಗಿತ್ತು. ನೆರಳು ಬಿದ್ದ ಎರಡು ಸಾಲಿನಲ್ಲಿ ಕಾಯಿ ಕಮ್ಮಿಯಾಯಿತು, ಉಳಿದ ಕಡೆ ಬೆಳೆ ಚೆನ್ನಾಗಿ ಬಂತು.

ಆ ವರ್ಷ ಪಕ್ಕದ ಹೊಲದವರು ಸಸಿ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಬಂದರು. ನಾವು ಗಿಡ ನೆಟ್ಟಾಗ ನಕ್ಕಿದ್ದವರು ಅವರು.

"ಸೌದೆಗೋ, ಮೇವಿಗೋ?" ಎಂದರು ಮನೆಯವರು.

ಬಂದವರು ತಮ್ಮ ಹೊಲದ ಮೂಲೆಯತ್ತ ತಿರುಗಿ ನೋಡಿದರು. "ಗಾಳಿ ತಡೀಬೇಕಾಗೈತೆ ಕಣಪ್ಪ."

ಕಡಗದ ವಿಷಯ ನಾವು ಯಾರಿಗೂ ಹೇಳಿರಲಿಲ್ಲ. ಅವರನ್ನೂ ಮತ್ತೇನೂ ಕೇಳಲಿಲ್ಲ.